ಮೂರು ಸಲ ತೊಳೆದ್ರೂ ಹೋಗದ ನೇರಳೆ

ಹೋದ ಜುಲೈಯಲ್ಲಿ ಉಡುಪಿಯಿಂದ ದೊಡ್ಡಪ್ಪ ಫೋನ್ ಮಾಡಿದ್ರು. "ರಿಪೋರ್ಟಲ್ಲಿ ಈ ಮದ್ದು ತಾಗ್ತದೆ ಅಂತ ಉಂಟಲ್ಲ ಮಗಾ, ಏಳು ದಿನ ಸರಿಯಾಗಿ ತಗೊಂಡೆ, ಮತ್ತೆ ಯಾಕೆ ಚಳಿಜ್ವರ?" ಪ್ರಾಸ್ಟೇಟ್ ತೊಂದ್ರೆಗೆ ಅಂತ ಕ್ಯಾಥೆಟರ್ (ಮೂತ್ರ ಹೊರಗೆ ಬರ್ಲಿಕ್ಕೆ ಹಾಕುವ ಟ್ಯೂಬ್) ಹಾಕಿ ಎರಡು ತಿಂಗಳಾಗಿತ್ತು, ಇನ್ಫೆಕ್ಷನ್ ಆದದ್ದು ಅದು ಮೂರನೇ ಸಲ. ನಾನು ಮಂಗಳೂರಲ್ಲಿ ಮೈಕ್ರೋಬಯಾಲಜಿ ಪಿಜಿ ಮಾಡ್ತಾ ಇರುದು, ಥೀಸಿಸ್ ಕೂಡ ಇದೇ, ಕ್ಯಾಥೆಟರ್ ಇರುವವರ ಯೂರಿನಲ್ಲಿ ಸಿಗುವ ಬ್ಯಾಕ್ಟೀರಿಯಾ ಬಯೋಫಿಲ್ಮ್, ಅಂದ್ರೆ ಅಂಟಿಕೊಂಡು ಕೂತ ಲೋಳೆ ಪೊರೆ, ಕಟ್ಟುತ್ತದಾ ಇಲ್ವಾ, ಕಟ್ಟಿದ್ರೆ ಎಷ್ಟು ಗಟ್ಟಿ ಅಂತ ನೋಡುದು.

ನಾನು ಅವರಿಗೆ ಕೇಳಿದೆ, "ಬಾವಿಕಟ್ಟೆ ಹತ್ರದ ಕಲ್ಲು ಮಳೆಗಾಲದಲ್ಲಿ ಜಾರ್ತದಲ್ಲ, ಎರಡು ಕೊಡಪಾನ ನೀರು ಹೊಯ್ದ್ರೆ ಹೋಗ್ತದಾ?" "ಎಲ್ಲಿ ಹೋಗ್ತದೆ, ಹಿಡಿಸೂಡಿಯಲ್ಲಿ ತಿಕ್ಕಬೇಕು" ಅಂದ್ರು. ಕ್ಯಾಥೆಟರ್ ಒಳಗೂ ಅದೇ ಆಗುದು. ಬ್ಯಾಕ್ಟೀರಿಯಾ ಮೊದಲು ಬಂದು ಅಂಟಿಕೊಳ್ತದೆ, ಆಮೇಲೆ ಅಲ್ಲೇ ಹೆಚ್ಚಾಗ್ತಾ ತನ್ನ ಸುತ್ತ ಸಕ್ಕರೆ, ಪ್ರೋಟೀನ್, ಡಿಎನ್ಎ ಎಲ್ಲ ಸೇರಿದ ಒಂದು ಲೋಳೆ ಕಟ್ಟಿಕೊಳ್ತದೆ. ಆ ಲೋಳೆಯ ಅಡಿಯಲ್ಲಿ ಇರುವವು ತುಂಬ ನಿಧಾನ ಬೆಳೆಯುದು, ಕೆಲವು ಸುಮ್ಮನೆ ನಿದ್ದೆ ಮಾಡಿದ ಹಾಗೆ ಇರ್ತವೆ, ಬೆಳೆಯುವ ಜೀವವನ್ನೇ ಹೊಡೆಯುವ ಆಂಟಿಬಯೋಟಿಕ್ ಅಲ್ಲಿ ಸೋಲ್ತದೆ. ಅದನ್ನು ಕೊಲ್ಲಲಿಕ್ಕೆ 10ರಿಂದ 1000 ಪಟ್ಟು ಜಾಸ್ತಿ ಮದ್ದು ಬೇಕು ಅಂತ ಸಾಮಾನ್ಯವಾಗಿ ಹೇಳ್ತಾರೆ, ಅಷ್ಟು ಮದ್ದು ಮನುಷ್ಯನ ಮೈಗೆ ಕೊಡ್ಲಿಕ್ಕೆ ಆಗುದಿಲ್ಲ.

ಇಲ್ಲಿ ನನಗೆ ನಿಜವಾಗಿ ಬೇಜಾರಾಗುವ ಒಂದು ವಿಷಯ ಉಂಟು. ಯಾವ ಮದ್ದು ತಾಗ್ತದೆ ಅಂತ ನಾವು ದಿನಾ ಲ್ಯಾಬಿಂದ ಕಳಿಸುವ ಸೆನ್ಸಿಟಿವಿಟಿ ರಿಪೋರ್ಟ್ ಸುಳ್ಳಲ್ಲ, ಆದ್ರೆ ಅದು ಹೊಸದಾಗಿ ಬೆಳೆಸಿದ, ಬಿಡಿಬಿಡಿಯಾಗಿ ಇರುವ ಬ್ಯಾಕ್ಟೀರಿಯಾದ ಮೇಲೆ ಮಾಡಿದ ಟೆಸ್ಟ್. ಮುಲ್ಲರ್ ಹಿಂಟನ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಆಹಾರ) ಮೇಲೆ ಹರಡಿ, ಮದ್ದಿನ ಡಿಸ್ಕ್ ಇಟ್ಟು, ಮಾರನೇ ದಿನ ಸ್ಕೇಲ್ ಹಿಡಿದು ಝೋನ್, ಅಂದ್ರೆ ಡಿಸ್ಕಿನ ಸುತ್ತ ಏನೂ ಬೆಳೆಯದ ಜಾಗ, ಅಳೆಯುದು. ಲೋಳೆ ಒಳಗೆ ಕೂತದ್ದು ಆ ಪ್ಲೇಟಲ್ಲಿ ಇಲ್ವೇ ಇಲ್ಲ. ದೊಡ್ಡಪ್ಪ ಕೇಳಿದ ಪ್ರಶ್ನೆಗೆ ಉತ್ತರ ಇದೇ.

ಬಯೋಫಿಲ್ಮ್ ನೋಡ್ಲಿಕ್ಕೆ ನಾನು ಮಾಡುದು 96 ಗುಳಿ ಇರುವ ಪ್ಲೇಟಲ್ಲಿ ಕ್ರಿಸ್ಟಲ್ ವಯಲೆಟ್ ಅನ್ನುವ ನೇರಳೆ ಬಣ್ಣದ ಟೆಸ್ಟ್. ಗ್ಲೂಕೋಸ್ ಹಾಕಿದ ಟ್ರಿಪ್ಟಿಕ್ ಸೋಯಾ ಬ್ರಾತಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಬ್ಯಾಕ್ಟೀರಿಯಾ ಬಿಟ್ಟು 37 ಡಿಗ್ರಿಯಲ್ಲಿ 24 ಗಂಟೆ ಇಡುದು, ಬ್ರಾತ್ ಚೆಲ್ಲಿ ಮೂರು ಸಲ ಪಿಬಿಎಸ್ ಅನ್ನುವ ಉಪ್ಪಿನ ದ್ರಾವಣದಲ್ಲಿ ತೊಳೆಯುದು, ಒಣಗಿಸಿ 0.1% ಕ್ರಿಸ್ಟಲ್ ವಯಲೆಟ್ ಹಾಕುದು, ಮತ್ತೆ ತೊಳೆದು, ಉಳಿದ ಬಣ್ಣವನ್ನು 33% ಅಸಿಟಿಕ್ ಆಸಿಡಲ್ಲಿ ಕರಗಿಸಿ ಬಣ್ಣ ಎಷ್ಟು ಗಾಢ ಅಂತ ರೀಡರಲ್ಲಿ 570 ನ್ಯಾನೋಮೀಟರ್ ಬೆಳಕಲ್ಲಿ ಓದುದು. ಕೇಳ್ಲಿಕ್ಕೆ ಸುಲಭ, ಆದ್ರೆ ಇದರ ಜೀವ ಇರುದು ಆ ತೊಳೆಯುದರಲ್ಲಿ. ಜೋರಾಗಿ ತೊಳೆದ್ರೆ ಕಟ್ಟಿದ ಪೊರೆಯೇ ಎದ್ದು ಹೋಗ್ತದೆ, ಮೆಲ್ಲ ತೊಳೆದ್ರೆ ಸುಮ್ಮನೆ ತೇಲ್ತಾ ಇದ್ದದ್ದೂ ಉಳಿದು ಬಣ್ಣ ಹಿಡಿತದೆ. ನನ್ನ ಮೊದಲ ಎರಡು ಪ್ಲೇಟಲ್ಲಿ ಒಂದೇ ಐಸೋಲೇಟಿನ (ಸ್ಯಾಂಪಲಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ) ಮೂರು ಗುಳಿ ಮೂರು ರೀತಿ ಬಂತು. ಸೀನಿಯರ್ ಅಕ್ಕ ಪಕ್ಕದಲ್ಲಿ ನಿಂತು ನೋಡಿ, ಪಿಪೆಟ್ ತುದಿ ಗುಳಿಯ ಅಡಿಗೆ ತಾಗಿಸ್ತಾ ಇದ್ದಿ, ಗೋಡೆಗೆ ಒರಗಿಸಿ ಮೆಲ್ಲ ಬಿಡು ಅಂದ್ರು. ಸಾಲಿನ ಅಂಚಿನ ಗುಳಿಗಳು ಇನ್ಕ್ಯುಬೇಟರಲ್ಲಿ ಬೇಗ ಒಣಗ್ತವೆ, ಅದಕ್ಕೆ ಈಗ ಅಲ್ಲಿ ಬರೀ ಸ್ಟೆರೈಲ್ ನೀರು ತುಂಬಿಸ್ತೇನೆ.

ಸರಿಯಾಗಿ ಬಂದ ದಿನ ಪ್ಲೇಟನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ, ಹೊರಗೆ ಮಳೆ ಹೊಯ್ತಾ ಇತ್ತು. ಸುಡೊಮೊನಾಸ್ ಏರುಜಿನೋಸಾ ಅನ್ನುವ ಬ್ಯಾಕ್ಟೀರಿಯಾದ ಗುಳಿಯಲ್ಲಿ ಬ್ರಾತಿನ ಮಟ್ಟ ಎಲ್ಲಿತ್ತೋ ಅಲ್ಲಿ ಒಂದು ನೇರಳೆ ಬಳೆ, ಗಾಳಿ ಮತ್ತು ನೀರು ಸೇರುವ ಗೆರೆಯಲ್ಲೇ ಅದು ಕಟ್ಟಿದ್ದು. ಪಕ್ಕದ ಸ್ಟೆಫೈಲೋಕೋಕಸ್ ಗುಳಿಯಲ್ಲಿ ಅಡಿ ಪೂರ್ತಿ ಬಣ್ಣ. ಬ್ಯಾಕ್ಟೀರಿಯಾ ಹಾಕದ ಕಂಟ್ರೋಲ್ ಗುಳಿ ನೀರಿನ ಹಾಗೆ ಸ್ಪಷ್ಟ. ಆ ಕಂಟ್ರೋಲಿನ ರೀಡಿಂಗುಗಳ ಸರಾಸರಿಗೆ ಮೂರು ಸ್ಟ್ಯಾಂಡರ್ಡ್ ಡೀವಿಯೇಷನ್ (ರೀಡಿಂಗುಗಳ ಏರಿಳಿತದ ಅಳತೆ) ಕೂಡಿಸಿದ್ರೆ ಕಟಾಫ್, ಅದು 0.12 ಅಂತ ಇಟ್ಕೊಂಡ್ರೆ ಅದರ ಮೇಲೆ 0.24ರವರೆಗೆ ದುರ್ಬಲ, 0.48ರವರೆಗೆ ಮಧ್ಯಮ, ಅದರ ಮೇಲೆ ಬಂದದ್ದೆಲ್ಲ ಗಟ್ಟಿ.

ಇದಕ್ಕಿಂತ ಸುಲಭದ ಕಾಂಗೋ ರೆಡ್ ಅಗಾರ್ ಉಂಟು, 1989ರಿಂದ ಬಳಕೆಯಲ್ಲಿ ಇರುದು, ಲೋಳೆ ಮಾಡುವ ಕಾಲೊನಿ ಕಪ್ಪಾಗಿ ಒರಟಾಗಿ ಬರ್ತದೆ, ಇಲ್ಲದಿದ್ರೆ ಕೆಂಪು. ನನ್ನ ಐಸೋಲೇಟುಗಳಲ್ಲಿ ಅದೂ 96 ಗುಳಿಯ ಪ್ಲೇಟೂ ಎಷ್ಟೋ ಸಲ ಹೊಂದಲೇ ಇಲ್ಲ, ಹಾಗಾಗಿ ಅದನ್ನು ಒಂದನ್ನೇ ನಂಬಿ ಬರೆಯುದು ನನಗೆ ಒಪ್ಪಿಗೆ ಇಲ್ಲ. ಹಾಗಂತ ಕ್ರಿಸ್ಟಲ್ ವಯಲೆಟ್ಟೂ ಪೂರ್ತಿ ಹೇಳುದಿಲ್ಲ, ಅದು ಸತ್ತದ್ದು ಬದುಕಿದ್ದು ಲೋಳೆ ಎಲ್ಲಕ್ಕೂ ಬಣ್ಣ ಹಿಡಿತದೆ. ಜೀವ ಇರುದು ಎಷ್ಟು ಅಂತ ಗೊತ್ತಾಗ್ಲಿಕ್ಕೆ ಬದುಕಿದ್ದು ಹಸಿರು, ಸತ್ತದ್ದು ಕೆಂಪು ಕಾಣುವ ಡೈ ಹಾಕಿ ಕಾನ್‌ಫೋಕಲ್ ಮೈಕ್ರೋಸ್ಕೋಪಲ್ಲಿ ನೋಡಬೇಕು.

ದೊಡ್ಡಪ್ಪನಿಗೆ ನಾನು ಹೇಳಿದ್ದು ಇಷ್ಟೇ, ಮದ್ದು ಬದಲಾಯಿಸುವ ಮೊದಲು ಕ್ಯಾಥೆಟರ್ ಬದಲಾಯಿಸ್ಲಿಕ್ಕೆ ಆಗ್ತದಾ ಅಂತ ಡಾಕ್ಟ್ರ ಹತ್ರ ಕೇಳಿ, ಯೂರಿನ್ ಸ್ಯಾಂಪಲ್ ಹೊಸತು ಹಾಕಿದ ಮೇಲೆ ಅದರಿಂದಲೇ ತೆಗಿಲಿ, ಹಳೆ ಟ್ಯೂಬಿಂದ ತೆಗೆದ್ರೆ ಟ್ಯೂಬಿಗೆ ಅಂಟಿದ್ದೇ ಬರ್ತದೆ. ಅವರು ಕೇಳಿದ್ರು, ಡಾಕ್ಟ್ರೂ ಬದಲಾಯಿಸಿದ್ರು. ಆ ಸಲ ಬಂದ ರಿಪೋರ್ಟಲ್ಲಿ ಮೊದಲಿದ್ದ ಎರಡು ಬ್ಯಾಕ್ಟೀರಿಯಾದ ಜಾಗದಲ್ಲಿ ಒಂದೇ ಇತ್ತು, ಇ. ಕೋಲೈ.