ಮದ್ದಳೆಯವರ ಬೆರಳು, ಶಿಮೊನ್‌ನ ತಲೆ

ನಿನ್ನೆ ಬದಿಯಡ್ಕದ ಹತ್ತಿರ ತಾಳಮದ್ದಳೆ ಇತ್ತು. (ವೇಷ, ಕುಣಿತ ಇಲ್ಲದೆ ಕೂತಲ್ಲೇ ಹಾಡು, ಮಾತಿನಲ್ಲಿ ನಡೆಯುವ ಯಕ್ಷಗಾನ.) ಭಾಗವತರು ಪದ ಎತ್ತುವ ಮೊದಲೇ ಮದ್ದಳೆಯವರ ಬೆರಳು ಸಿದ್ಧ. ಯಾರೂ ಸನ್ನೆ ಮಾಡಿರಲಿಲ್ಲ. ಪಾತ್ರದ ಮಾತಾಡುವ ಅರ್ಥಧಾರಿ ಮಾತು ಎಳೆದಷ್ಟೂ ಹೊತ್ತು ಮದ್ದಳೆಯವರು ಸುಮ್ಮನೆ ಕೂತರು. ಅದಕ್ಕೂ ಯಾರೂ ಹೇಳಿರಲಿಲ್ಲ.

ಮನೆಗೆ ಬಂದರೆ ನಿದ್ದೆ ಇಲ್ಲ. ಸುಮ್ನೆ ಫೋನ್ ತಿರುವುತ್ತಿದ್ದಾಗ ಶಿಮೊನ್ ಸಿಕ್ಕಿತು. ಅಮೆರಿಕದ ಅಟ್ಲಾಂಟಾದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಗಿಲ್ ವೈನ್‌ಬರ್ಗ್ ತಂಡ ಮಾಡಿದ ರೋಬೋಟ್. ನಾಲ್ಕು ಕೈ, ಎಂಟು ಕೋಲು, ಮುಂದೊಂದು ಮರಿಂಬಾ. (ಮರದ ಪಟ್ಟಿಗಳ ಮೇಲೆ ಬಡಿಯುವ ವಾದ್ಯ.) ಜೊತೆಗಾರ ಪಿಯಾನೋ ನುಡಿಸಿದರೆ ಕೇಳಿಸಿಕೊಂಡು ಅಲ್ಲೇ ತನ್ನದೊಂದು ತುಣುಕು ಕಟ್ಟುತ್ತದೆ. ಗುಂಡಿ ಒತ್ತುವವರೆಗೆ ಕಾಯುವ ಜಾತಿ ಅಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಅದರ ತಲೆ. ತಾಳಕ್ಕೆ ಸರಿಯಾಗಿ ಆಡಿಸುತ್ತದೆ. ಮೊದಲು ಶೋಕಿ ಅಂದುಕೊಂಡೆ. ಅಲ್ಲ, ಜೊತೆಗಾರನಿಗೆ ಅದು ಸುಳಿವು. ಹೇಳದೆ ಕೇಳದೆ ಯಂತ್ರ ನುಗ್ಗಿದರೆ ಯಾರಾದರೂ ಬೆಚ್ಚುತ್ತಾರೆ ಅಲ್ವಾ? ಆದರೆ ಎಲ್ಲಿ ಸುಮ್ಮನಿರಬೇಕು ಅನ್ನೋದನ್ನ ಅದಕ್ಕೆ ಹೇಗೆ ಕಲಿಸುತ್ತಾರೋ!

ಬೆಳಿಗ್ಗೆ ಅಮ್ಮನಿಗೆ ಇಷ್ಟೂ ವಿವರಿಸಿದೆ. "ಎಲ್ಲ ಸರಿ, ನಡುರಾತ್ರಿ ಅದಕ್ಕೆ ಕಟ್ಟಂಚಾಯ (ಹಾಲಿಲ್ಲದ ಚಾ) ಬೇಡ್ವಾ?" ಅಂದರು.