ಮುಚ್ಚಿದ ಮೇಲೂ ಹಾಡು: ಬಟನ್‌ಗಳ ಮೂರನೇ ಸುತ್ತು

ನಾನೇ ಕಟ್ಟುತ್ತಿರುವ, ಮಡಚಿ ಮುಚ್ಚಬಹುದಾದ ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್‌ನಲ್ಲಿ, ಮುಚ್ಚಿದಾಗಲೂ ಹಾಡು ಬದಲಿಸಲು ಮುಚ್ಚಳದ ಮೇಲೆ ಇಟ್ಟಿದ್ದ ಮೂರು ಬಟನ್‌ಗಳನ್ನು ಈ ವಾರ ಕಿತ್ತು ಹಾಕಿದೆ. ನೋಡೋಕೆ ಚೆನ್ನಾಗಿದ್ದವು, ಅಷ್ಟೇ. ಜೇಬಿಗೆ ಹಾಕಿಕೊಂಡು ಕೂತರೆ ಸಾಕು, ಹಾಡು ತಾನಾಗಿಯೇ ಮುಂದಕ್ಕೆ ಹಾರುತ್ತಿತ್ತು. 160 ಗ್ರಾಂ ಒತ್ತಡದ ಸ್ವಿಚ್ ತೆಗೆದು 260 ಗ್ರಾಂದು ಹಾಕಿದೆ. ಜೇಬಿಗೆ ಏನೂ ಅನ್ನಿಸಲಿಲ್ಲ, ನೋವಾಗಿದ್ದು ನನ್ನ ಹೆಬ್ಬೆರಳಿಗೆ.

ಆಮೇಲೆ ಹೊಳೆಯಿತು, ಹೊಸ ಬಟನ್ ಯಾಕೆ ಬೇಕು? ಮಡಚಿದಾಗಲೂ ಬೆರಳಿಗೆ ಸಿಗುವ ಎಲ್, ಆರ್ ಬಟನ್‌ಗಳು ಕೀಲಿನ ಪಕ್ಕದಲ್ಲೇ ಇವೆಯಲ್ಲ! ಇದರಂತೆಯೇ ಮಡಚುವ ಗೇಮ್ ಕನ್ಸೋಲ್ ಆದ 2011ರ ನಿಂಟೆಂಡೊ 3ಡಿಎಸ್ ಕೂಡ ಮುಚ್ಚಿದಾಗ ಹಾಡು ಬದಲಿಸಲು ಇವನ್ನೇ ಬಳಸುತ್ತದೆ. ಹಾಗಾಗಿ ಆರ್ ತಟ್ಟಿದರೆ ಮುಂದಿನ ಹಾಡು, ಎಲ್ ತಟ್ಟಿದರೆ ಹಿಂದಿನದು, ಎರಡನ್ನೂ ಒಟ್ಟಿಗೆ ಅರ್ಧ ಸೆಕೆಂಡ್ ಹಿಡಿದರೆ ಪ್ಲೇ ಅಥವಾ ಪಾಸ್. ಎರಡು ಸಲ ತಟ್ಟುವ ಉಪಾಯ ಬಿಟ್ಟೆ. ಎರಡನೇ ತಟ್ಟು ಬರುತ್ತದೋ ಇಲ್ಲವೋ ಅಂತ 300 ಮಿಲಿಸೆಕೆಂಡ್ ಕಾಯಬೇಕು, ಆಗ ಎಲ್ಲವೂ ಸೋಮಾರಿ ಅನ್ನಿಸುತ್ತದೆ. ಬೆರಳು ಎತ್ತಿದ ಮೇಲೇ ಹಾಡು ಬದಲಾಗುವುದು, ಅದೂ 400 ಮಿಲಿಸೆಕೆಂಡ್ ಒಳಗೆ ಎತ್ತಿದರೆ ಮಾತ್ರ. ಜೇಬಿನಲ್ಲಿ ಕೀಗೊಂಚಲು ಒತ್ತಿಕೊಂಡೇ ಇದ್ದರೂ ಈಗ ತೊಂದರೆ ಇಲ್ಲ.

ಮುಚ್ಚಿದೆಯಾ ಅಂತ ತಿಳಿಯಲು ಮುಚ್ಚಳದಲ್ಲಿ ಸಣ್ಣ ಮ್ಯಾಗ್ನೆಟ್, ಕೆಳಗೆ ಮ್ಯಾಗ್ನೆಟ್ ಹತ್ತಿರ ಬಂದದ್ದನ್ನು ಗುರುತಿಸುವ ಹಾಲ್ ಸೆನ್ಸರ್. ತೆರೆದಿದ್ದರೂ ಅದು ಮುಚ್ಚಿದೆ ಅನ್ನುತ್ತಿತ್ತು. ಒಂದು ಸಂಜೆಯೆಲ್ಲ ಕೋಡ್‌ನಲ್ಲಿ ತಪ್ಪು ಹುಡುಕಿದೆ, ಕೊನೆಗೆ ನೋಡಿದರೆ ಪಕ್ಕದಲ್ಲೇ ಇದ್ದ ಸ್ಪೀಕರ್‌ನ ಮ್ಯಾಗ್ನೆಟ್! ಸೆನ್ಸರನ್ನು ಇನ್ನೊಂದು ಮೂಲೆಗೆ ಸರಿಸಿದೆ. ಮುಚ್ಚಿದ ತಕ್ಷಣ ಲಿನಕ್ಸ್ ನಿದ್ದೆಗೆ ಜಾರದಂತೆ ಲಾಗಿನ್‌ಡಿ (ಮುಚ್ಚಳ ಮುಚ್ಚಿದಾಗ ಏನು ಮಾಡಬೇಕೆಂದು ನೋಡಿಕೊಳ್ಳುವ ಲಿನಕ್ಸ್‌ನ ಭಾಗ) ಸೆಟ್ಟಿಂಗ್ ಕೂಡ ಬದಲಿಸಬೇಕಾಯಿತು, ಈಗ ಪರದೆ ಮಾತ್ರ ಆರುತ್ತದೆ.

ಜಾಸ್ತಿ ತಲೆ ತಿಂದಿದ್ದು ಬೇರೆ ಒಂದು. ಆಟದ ಮಧ್ಯೆ ಎಲ್ ಒತ್ತಿ ಹಿಡಿದೇ ಮುಚ್ಚಿದರೆ, ಬೆರಳು ಎತ್ತುವ ಹೊತ್ತಿಗೆ ಅದು ಹಾಡಿನ ಬಟನ್ ಆಗಿರುತ್ತದೆ, ಅಲ್ವಾ? ಬಿಟ್ಟ ಸುದ್ದಿ ಆಟಕ್ಕೆ ಹೋಗುವುದೇ ಇಲ್ಲ, ಲಿನಕ್ಸ್‌ನ 165ನೇ ಕೀ ಕೋಡ್ ಆಗಿ, ಅಂದರೆ ಹಿಂದಿನ ಹಾಡಿನ ಕೀ ಆಗಿ, ಹಾಡಿನ ಪ್ಲೇಯರ್‌ಗೆ ಹೋಗುತ್ತದೆ. ಮತ್ತೆ ತೆರೆದರೆ ಆಟದೊಳಗಿನ ಬಡಪಾಯಿ ಒಂದೇ ಸಮನೆ ಗುರಾಣಿ ಹಿಡಿದು ನಿಂತಿರುತ್ತಾನೆ. ಈಗ ಒತ್ತಿದ ಕ್ಷಣದಲ್ಲಿ ಯಾವ ಕೋಡ್ ಕಳಿಸಿದೆನೋ ಅದನ್ನು ನೆನಪಿಟ್ಟುಕೊಂಡು, ಮುಚ್ಚಳ ಹೇಗೇ ಇರಲಿ, ಬಿಟ್ಟಾಗಲೂ ಅದನ್ನೇ ಕಳಿಸುತ್ತೇನೆ. ನಾಲ್ಕೇ ಸಾಲು ಕೋಡ್, ಎರಡು ದಿನದ ಪರದಾಟ.

ಕತ್ತಲಲ್ಲಿ ಎಡ ಬಲ ಗೊತ್ತಾಗಲಿ ಅಂತ ಆರ್ ಮೇಲೆ ಒಂದು ಚಿಕ್ಕ ಉಬ್ಬು ಕೊಟ್ಟಿದ್ದೇನೆ. ಹೆಡ್‌ಫೋನ್ ಕಿತ್ತುಬಂದರೆ ಹಾಡು ತಾನಾಗಿ ನಿಲ್ಲಬೇಕು, ಆ ಕೆಲಸ ಇನ್ನೂ ಬಾಕಿ ಇದೆ. ಸದ್ಯಕ್ಕೆ ಜೇಬೇ ಹಾಡುತ್ತದೆ.