ಕತ್ತಿ ಕೆಂಪಾದರೆ ಸುಣ್ಣ ಸಾಲದು

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಕೊನೇ ವರ್ಷ. "ಮಾವ, ಒಂದು ವೇಳೆ ಎಂಜಿನಿಯರಿಂಗೇ ಬೇಡ ಅಂದ್ರೆ ಬೇರೆ ಏನೇನು ಮಾಡಬಹುದು?" ಅಂದ. ನಾನು ಆಗ ತೀರ್ಥಹಳ್ಳಿ ಹತ್ತಿರ ಒಬ್ಬರ ತೋಟದಲ್ಲಿ 200 ಲೀಟರಿನ ಡ್ರಮ್ಮಿಗೆ ಕೋಲು ಹಾಕಿ ತಿರುಗಿಸುತ್ತಿದ್ದೆ. ಮೊಣಕೈವರೆಗೂ ನೀಲಿ. "ಮಳೆ ನಿಂತು ಹೊಳವಾಗಿದೆ ಕಣೋ, ರಾತ್ರಿ ಮಾತಾಡ್ತೀನಿ" ಅಂತ ಇಟ್ಟುಬಿಟ್ಟೆ. ರಾತ್ರಿ ಊಟ ಮಾಡಿ ಕೂತಲ್ಲೇ ನಿದ್ದೆ ಬಂತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನಲ್ಲಿ 13 ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವನು. ಈಗ ಅಡಿಕೆ ತೋಟಕ್ಕೆ ಔಷಧಿ ಹೊಡೆಯುತ್ತೇನೆ. ನಮ್ಮ ತೋಟಕ್ಕಷ್ಟೇ ಅಲ್ಲ, ಊರವರ ತೋಟಕ್ಕೂ, ದುಡ್ಡಿಗೆ. "ಊರಿಗೆ ಬಂದು ಕೃಷಿ ಮಾಡ್ತಿದ್ದಾನಂತೆ" ಅಂದರೆ ಜನ ಒಂಥರಾ ಗೌರವದಿಂದ ನೋಡುತ್ತಾರೆ. "ಬ್ಯಾರಲ್ ಲೆಕ್ಕದಲ್ಲಿ ಔಷಧಿ ಹೊಡೀತಾನಂತೆ" ಅಂದರೆ "ಅಯ್ಯೋ, ಏನಾಯ್ತಂತೆ ಪಾಪ?" ಅಂತಾರೆ. ಮದುವೆ ಮನೆಗಳಲ್ಲಿ ಅಮ್ಮ ಈಗಲೂ ಮೊದಲನೆಯದನ್ನೇ ಹೇಳುತ್ತಾಳೆ.

ಬೇರೆ ಏನು ಮಾಡಬಹುದು ಅಂತ ಕೇಳಿದೆಯಲ್ಲ. ದೊಡ್ಡ ಹೆಸರುಗಳು ನಿನಗೂ ಗೊತ್ತು. ಕುಂಬ್ಳೆ ಮೆಕ್ಯಾನಿಕಲ್ ಎಂಜಿನಿಯರ್, ಶ್ರೀನಾಥ್ ಕೂಡ ಎಂಜಿನಿಯರ್. ವಸುಧೇಂದ್ರ ಸಾಫ್ಟ್‌ವೇರ್ ಬಿಟ್ಟು ಬರೆಯುತ್ತಾ ಕೂತರು. ಅಂಥವರ ಹೆಸರು ಹೇಳಿಕೊಂಡು ಕೆಲಸ ಬಿಡಬೇಡ. ನನ್ನ ಜೊತೆ ಓದಿದವರನ್ನು ನೋಡು. ಒಬ್ಬ ಕೆಎಎಸ್ ಬರೆದೂ ಬರೆದೂ ಕೊನೆಗೆ ಬ್ಯಾಂಕಿಗೆ ಸೇರಿದ. ಒಬ್ಬಳು ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಮಾಡುತ್ತಾಳೆ. ನಮ್ಮ ಬ್ಯಾಚಿನಲ್ಲಿ ನೆಮ್ಮದಿಯಾಗಿ ದುಡಿಯುತ್ತಿರುವವಳು ಅವಳೇ ಇರಬೇಕು. ಇನ್ನೊಬ್ಬ ಆಗುಂಬೆ ದಾರಿಯಲ್ಲಿ ಹೋಂಸ್ಟೇ ಮಾಡಿದ್ದಾನೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಸೀಮೆ ಅದು. ಬೆಡ್‌ಶೀಟ್ ಒಣಗಿಸುವುದಕ್ಕಿಂತ ದೊಡ್ಡ ಎಂಜಿನಿಯರಿಂಗ್ ಇಲ್ಲ ಅಂತಾನೆ.

ಪೇಪರಿನಲ್ಲಿ ಆಗಾಗ ಬರುತ್ತಲ್ಲ, ಲಕ್ಷದ ಸಂಬಳ ಬಿಟ್ಟು ಹಳ್ಳಿಗೆ ಬಂದವರ ಕಥೆ, ಅದರಲ್ಲಿ ಮನೆ ಖರ್ಚಿನ ಲೆಕ್ಕ ಮಾತ್ರ ಇರುವುದಿಲ್ಲ. ನನ್ನ ಲೆಕ್ಕ ಇದು. ಹೆಂಡತಿ ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರ್. ಅಪ್ಪಯ್ಯ ಮಾಡಿಟ್ಟ ಎರಡು ಎಕರೆ ತೋಟ ಇದೆ. ಬಾಡಿಗೆ ಇಲ್ಲ. ಬಿಡುವ ಮೊದಲು ಸಾಲ ತೀರಿಸಿದ್ದೆ. ಅವಳ ಸಂಬಳ ಇಲ್ಲದಿದ್ದರೆ ನಾನು ಈ ಹೊತ್ತಿಗೂ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲೇ ನಿಂತಿರುತ್ತಿದ್ದೆ. ಧೈರ್ಯ ನನ್ನದಲ್ಲ, ಅವಳದ್ದು.

ಔಷಧಿ ಹೊಡೆಯುವ ಕೆಲಸಕ್ಕೆ ಬಿದ್ದದ್ದು ಬೇಕು ಅಂತಲ್ಲ. ಊರಿಗೆ ಬಂದ ಮೊದಲ ಮಳೆಗಾಲ ನಮ್ಮ ತೋಟಕ್ಕೆ ಕೊಳೆರೋಗ ಬಂತು. ಬೆಳಿಗ್ಗೆ ಹೋದರೆ ಮರದ ಬುಡದಲ್ಲೆಲ್ಲಾ ಹಸಿರು ಕಾಯಿ, ಮೇಲೆ ಬಿಳಿ ಬೂಸ್ಟು. ಹಿಂದೆ ಮರ ಹತ್ತಿ ಹೊಡೆಯುತ್ತಿದ್ದವರಿಗೆ ವಯಸ್ಸಾಗಿತ್ತು. ಅವರ ಮಕ್ಕಳು ಬೆಂಗಳೂರಲ್ಲಿ ಡ್ರೈವರ್, ಡೆಲಿವರಿ. ಸುಮ್ನೆ ಲೆಕ್ಕ ಇಟ್ಟಿದ್ದೆ, 11 ಜನರಿಗೆ ಫೋನ್ ಮಾಡಿದೆ. ಎಲ್ಲರೂ "ನಾಳೆ ಬರ್ತೀನಿ" ಅಂದರು. ಮಲೆನಾಡಿನಲ್ಲಿ ಆ ನಾಳೆಗೆ ತಾರೀಕಿಲ್ಲ. ಕೊನೆಗೆ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ತಂದೆ. ನೆಲದ ಮೇಲೆ ನಿಂತೇ 60 ಅಡಿ ಮೇಲಿನ ಗೊನೆಗೆ ಹೊಡೆಯಬಹುದು. ಕಲಿಯಲು ಒಂದು ತಿಂಗಳು ಹಿಡಿಯಿತು, ಕುತ್ತಿಗೆ ನೆಟ್ಟಗಾಗಲು ಇನ್ನೊಂದು ತಿಂಗಳು. ಅಷ್ಟರಲ್ಲಿ ಪಕ್ಕದ ಮನೆಯವರು ಕೇಳಿದರು, ಅವರ ಪಕ್ಕದವರು ಕೇಳಿದರು. ಈಗ ಮೃಗಶಿರ ಮಳೆ ಶುರುವಾಗುವ ಮೊದಲೇ ಒಂದು ಸುತ್ತು, 40-45 ದಿನ ಬಿಟ್ಟು ಇನ್ನೊಂದು ಸುತ್ತು. ಮಳೆಗಾಲ ಮುಗಿದ ಮೇಲೆ ಅದೇ ದೋಟಿಯಲ್ಲಿ ಕೊಯ್ಲು.

ಹೊಡೆಯುವುದು ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿ ಬದಿಯ ದ್ರಾಕ್ಷಿಯನ್ನು ಯಾರೂ ಕಿತ್ತು ತಿನ್ನಬಾರದು ಅಂತ ಮೈಲುತುತ್ತ (ತಾಮ್ರದ ಸಲ್ಫೇಟ್, ನೀಲಿ ಹರಳು), ಸುಣ್ಣ ಕಲಸಿ ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲ ಅಂತ ಮಿಲಾರ್ಡೆ ಅನ್ನುವ ವಿಜ್ಞಾನಿ ಗಮನಿಸಿ, 1885ರಲ್ಲಿ ಅದನ್ನು ಪ್ರಕಟಿಸಿದರು. ನಮ್ಮ ಕಡೆಗೆ ತಂದವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೆಲಸಕ್ಕೆ ಬಂದು ಅಡಿಕೆಯ ಕೊಳೆರೋಗದ ಬೆನ್ನು ಹತ್ತಿದರು. ಮಳೆಗೆ ತೊಳೆದು ಹೋಗದಂತೆ ಅಂಟು ಸೇರಿಸುವುದನ್ನೂ ಹೇಳಿಕೊಟ್ಟರು. ನಾವು ಇವತ್ತಿಗೂ ರಾಳ ಹಾಕುತ್ತೇವೆ. ನೂರು ವರ್ಷ ದಾಟಿದರೂ ವರ್ಷನ್ ಬದಲಾಗಿಲ್ಲ. ನನ್ನ ಹಳೇ ಕೆಲಸದಲ್ಲಿ ಹದಿನೈದು ದಿನಕ್ಕೊಂದು ವರ್ಷನ್ ಬರುತ್ತಿತ್ತು.

ಮಾಡುವುದು ಸುಲಭ ಅನ್ನಿಸುತ್ತದೆ. 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ 50 ಲೀಟರ್ ನೀರಲ್ಲಿ ಕರಗಿಸಬೇಕು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಕಬ್ಬಿಣದ ಪಾತ್ರೆ ಮುಟ್ಟಬಾರದು. ಆಮೇಲೆ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಸುರಿಯುತ್ತಾ ತಿರುಗಿಸಬೇಕು. ಬೆರೆಸಿದ್ದು ಅವತ್ತೇ ಖಾಲಿಯಾಗಬೇಕು. ಕೊನೆಗೆ ಕತ್ತಿ. ಉಜ್ಜಿ ಬೆಳ್ಳಗೆ ಮಾಡಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಬಿಳಿಯಾಗೇ ಇದ್ದರೆ ಸರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು, ಇನ್ನೂ ಹಾಕಬೇಕು.

ಎರಡನೇ ವರ್ಷ ನಾನು ಕತ್ತಿ ಅದ್ದಲಿಲ್ಲ. ಪುನರ್ವಸು ಮಳೆ, ಮೂರು ದಿನದಿಂದ ಬಿಟ್ಟಿರಲಿಲ್ಲ. ಮಧ್ಯಾಹ್ನ ಚೂರು ಹೊಳವಾಯಿತು. ಪಕ್ಕದ ಮನೆ ದೊಡ್ಡಪ್ಪನ ತೋಟ. ಅರ್ಜೆಂಟಲ್ಲಿ ತೂಕ ಮಾತ್ರ ಸರಿಯಾಗಿ ನೋಡಿ ಬೆರೆಸಿದೆ. ಸುಣ್ಣದ ಚೀಲ ಹೋದ ವರ್ಷ ಬಾಯಿ ಬಿಚ್ಚಿಟ್ಟದ್ದು. ಗಾಳಿಗೆ ಸತ್ತುಹೋಗಿತ್ತು. ನಾಲ್ಕೈದು ದಿನದಲ್ಲಿ ಎಳೆಕಾಯಿ ಸುಟ್ಟಂತೆ ಕಪ್ಪಾಗಿ ಉದುರತೊಡಗಿದವು. ದೊಡ್ಡಪ್ಪ ಬೈಯಲಿಲ್ಲ. ಕಾಯಿ ಒಂದನ್ನು ಎತ್ತಿ ನನ್ನ ಕೈಗಿಟ್ಟು, "ತಕ್ಕಡಿ ನೋಡಿದ್ಯೋ ಮಾರಾಯ, ಕತ್ತಿ ನೋಡ್ಲಿಲ್ಲ" ಅಂದರು. 13 ವರ್ಷ ಟೆಸ್ಟಿಂಗ್ ಮಾಡಿ ಸಂಬಳ ತಗೊಂಡವನು! ಮುಂದಿನ ಎರಡು ವರ್ಷ ಅವರ ತೋಟಕ್ಕೆ ಪುಕ್ಕಟೆ ಹೊಡೆದೆ. ಅವರು ಬೇಡ ಅನ್ನಲಿಲ್ಲ. ಅದೂ ಒಳ್ಳೆಯದೇ ಆಯಿತು.

ನನ್ನ ಓದಿನಿಂದ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದೇ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ಬಿದಿರಿನಂತೆ ಹಗುರ ಇದೆ ಅಂತ ಜನ ಬಿದಿರು ಅಂದುಕೊಂಡೇ ಹಿಡಿಯುತ್ತಾರೆ. ತೋಟದ ಮೇಲೆ ಲೈನ್ ಹಾದಿದ್ದರೆ ಜೀವವೇ ಹೋಗಬಹುದು. ಯಾವ ತೋಟಕ್ಕೆ ಹೋದರೂ ಮೊದಲು ತಲೆ ಎತ್ತಿ ತಂತಿ ಎಲ್ಲೆಲ್ಲಿ ಇದೆ ನೋಡಿ, ಆ ಕಡೆಯ ಮರಗಳಿಗೆ ಕೆಂಪು ದಾರ ಕಟ್ಟುತ್ತೇನೆ. ಆ ಮರ ಬಿಟ್ಟುಬಿಡುವುದು. "ಎರಡು ಗೊನೆ ಹೋಗುತ್ತಲ್ರೀ" ಅಂತ ಒಬ್ಬರು ವಾದ ಮಾಡಿದರು. ನಾನು ದೋಟಿ ಮಡಚಿ ಬೈಕಿಗೆ ಕಟ್ಟಿದೆ. ಆಮೇಲೆ ಅವರೇ ಕಾಫಿ ಕೊಟ್ಟು ವಾಪಸ್ ಕರೆದರು.

ಇಷ್ಟು ಬರೆದು ಅರ್ಧಕ್ಕೇ ಬಿಟ್ಟಿದ್ದೆ. ಭಾನುವಾರ ಅಕ್ಕನ ಮಗನೇ ಬೆಳಿಗ್ಗೆ ಬಸ್ಸಿಗೆ ಬಂದಿಳಿದ. ಬಿಳಿ ಶೂ ಹಾಕಿಕೊಂಡು ಬಂದಿದ್ದ. ತೋಟಕ್ಕೆ ಇಳಿದು ಹತ್ತು ನಿಮಿಷಕ್ಕೆ ಕಾಲಲ್ಲಿ ನಾಲ್ಕು ಉಂಬಳ (ಜಿಗಣೆ). ಕಿರುಚಲಿಲ್ಲ, ಕಿತ್ತು ಎಸೆದ, ಪರವಾಗಿಲ್ಲ ಅನ್ನಿಸಿತು. ಕ್ಯಾಂಪಸ್‌ಗೆ ಬಂದ ಕಂಪನಿಗಳು, ಎಐ ಬಂದು ಕೆಲಸ ಹೋಗುತ್ತಾ, ಅಮ್ಮ ಏನಂತಾಳೆ ಅಂತೆಲ್ಲಾ ಹೇಳುತ್ತಾ ಡ್ರಮ್ ತಿರುಗಿಸಿದ. ನಾನು ಹೂಂಗುಟ್ಟಿದೆ ಅಷ್ಟೇ. ಬೆರೆಸಿದ್ದು ಮುಗಿದ ಮೇಲೆ ಕತ್ತಿ ಕೊಟ್ಟೆ. ಅದ್ದಿ ತೆಗೆದು, ತಿರುಗಿಸಿ ತಿರುಗಿಸಿ ನೋಡಿದ.

"ಸ್ವಲ್ಪ ಕೆಂಪಾಗಿದೆ ಅನ್ಸುತ್ತೆ ಮಾವ. ಇಲ್ಲಿ ತುದೀಲಿ. ಇಷ್ಟೇ ಇಷ್ಟು."

"ಹಾಗಾದ್ರೆ?"

ಕಲ್ಲುಗುಡ್ಡದ ಕಡೆಯಿಂದ ಮತ್ತೆ ಮೋಡ ಏರುತ್ತಿತ್ತು. ಅವನು ಅದನ್ನೊಮ್ಮೆ ನೋಡಿದ, ಡ್ರಮ್ ನೋಡಿದ. ಆಮೇಲೆ ಸುಣ್ಣದ ನೀರಿಗೆ ಚೊಂಬು ಹಾಕಿದ.